ಒಂದೇ ಮನೆ, ಒಂದೇ ಒಲೆ, ತೆರಿಗೆ ಲೆಕ್ಕದಲ್ಲಿ ಹೊರಗಿನವರು

ಮಾನ್ಯ ಸಂಪಾದಕರೇ,

ನನಗೆ 54 ವರ್ಷ. ಖಾಸಗಿ ಶಾಲೆಯೊಂದರಲ್ಲಿ ಟೀಚರ್. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಒಂಬತ್ತು ವರ್ಷದಿಂದ ಇನ್ನೊಬ್ಬರ ಜೊತೆ ಒಂದೇ ಮನೆಯಲ್ಲಿ ಇದ್ದೇನೆ. ಅವರು ನಿವೃತ್ತರು, ಅವರ ಹೆಂಡತಿಯೂ ಈಗಿಲ್ಲ. ನಾವು ಮದುವೆ ಆಗಿಲ್ಲ. ಆದರೂ ನಾನು ಅವರನ್ನು ‘ನಮ್ಮವರು’ ಎಂದೇ ಹೇಳುವುದು, ನಮ್ಮ ಬೀದಿಯವರೂ ಹಾಗೇ ಕರೆಯುತ್ತಾರೆ.

2024ರ ಕೊನೆಯಲ್ಲಿ ನನಗೆ ಬೈಪಾಸ್ ಆಯಿತು. ಇನ್ಶೂರೆನ್ಸ್ ಸಾಲಲಿಲ್ಲ. ನಮ್ಮವರು ತಮ್ಮ ಎಫ್‌ಡಿ ಮುರಿಸಿ 3.80 ಲಕ್ಷ ರೂಪಾಯಿ ನನ್ನ ಖಾತೆಗೆ ಹಾಕಿದರು, ಅದನ್ನೇ ನಾನು ಆಸ್ಪತ್ರೆಗೆ ಕಟ್ಟಿದೆ. ಮುಂದಿನ ವರ್ಷ ಆದಾಯ ತೆರಿಗೆ ರಿಟರ್ನ್ ಹಾಕಲು ಹೋದಾಗ ಆಡಿಟರ್ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ, ‘ಮೇಡಂ, ಇದು ನಿಮ್ಮ ಆದಾಯ’ ಅಂದರು. ನನಗೆ ಅರ್ಥವೇ ಆಗಲಿಲ್ಲ. ಕಾಯಿಲೆಗೆ ಕೊಟ್ಟ ದುಡ್ಡು ಆದಾಯ ಹೇಗಾಗುತ್ತದೆ?

ಆಗುತ್ತದೆ. ಸಂಬಂಧಿಕರಲ್ಲದವರು ಸುಮ್ನೆ ಕೊಟ್ಟ ಹಣ ವರ್ಷಕ್ಕೆ 50 ಸಾವಿರ ದಾಟಿದರೆ ತೆರಿಗೆ ಬೀಳುತ್ತದೆ, ಅದೂ ದಾಟಿದ ಭಾಗಕ್ಕಲ್ಲ, ಇಡೀ ಮೊತ್ತಕ್ಕೆ. ಸಂಬಂಧಿಕರು ಯಾರು ಅನ್ನುವುದಕ್ಕೆ ಕಾನೂನಿನಲ್ಲಿ ಒಂದು ಪಟ್ಟಿ ಇದೆ. ಗಂಡ, ಹೆಂಡತಿ, ಒಡಹುಟ್ಟಿದವರು, ಅಪ್ಪ ಅಮ್ಮನ ಒಡಹುಟ್ಟಿದವರು, ಭಾವಮೈದುನ ಕೂಡ ಇದ್ದಾನೆ. ಜೊತೆಯಲ್ಲಿ ಬದುಕುವವರು ಇಲ್ಲ. ಹತ್ತು ವರ್ಷದಿಂದ ಮುಖ ನೋಡದ ಭಾವಮೈದುನ 10 ಲಕ್ಷ ಕೊಟ್ಟರೂ ಒಂದು ಪೈಸೆ ತೆರಿಗೆ ಇಲ್ಲ, ಆಸ್ಪತ್ರೆಯಲ್ಲಿ ಹನ್ನೊಂದು ರಾತ್ರಿ ನನ್ನ ಮಂಚದ ಪಕ್ಕ ಕೂತವರು ಕೊಟ್ಟರೆ ತೆರಿಗೆ.

ಎಲ್ಲ ಕಳೆದು ನನ್ನ ಆದಾಯ ಆ ವರ್ಷ 6.20 ಲಕ್ಷ ಇತ್ತು. ತೆರಿಗೆಯ ಹೊಸ ಪದ್ಧತಿಯಲ್ಲಿ 7 ಲಕ್ಷದೊಳಗೆ ಇದ್ದದ್ದರಿಂದ ನಾನು ಏನೂ ಕಟ್ಟಬೇಕಿರಲಿಲ್ಲ. ಈ ಹಣ ಸೇರಿ 10 ಲಕ್ಷ ಆಯಿತು, ಸೆಸ್ ಸೇರಿ 52 ಸಾವಿರ ಕಟ್ಟಿದೆ. ‘ಕೈಗಡ ಅಂತ ಒಂದು ಪತ್ರ ಬರೆಸಿಟ್ಟುಕೊಂಡಿದ್ದರೆ ಆಗ್ತಿತ್ತು’ ಅಂದರು ಆಡಿಟರ್. ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋಗುವ ಹೊತ್ತಿನಲ್ಲಿ ಯಾರು ಸಾಲದ ಪತ್ರ ಬರೆಸುತ್ತಾರೆ ಹೇಳಿ.

ಕೋವಿಡ್ ಬಂದಾಗ ಇದೇ ಕೇಂದ್ರ ಸರ್ಕಾರ, ಕೋವಿಡ್ ಚಿಕಿತ್ಸೆಗೆ ಯಾರೇ ಹಣ ಕೊಟ್ಟರೂ ತೆರಿಗೆ ಇಲ್ಲ ಎಂದು 2021ರ ಜೂನ್‌ನಲ್ಲಿ ಹೇಳಿತ್ತು, ಆಮೇಲೆ ಕಾನೂನಿಗೂ ಸೇರಿಸಿತು. ಮನಸ್ಸು ಮಾಡಿದರೆ ಆಗುತ್ತದೆ ಅಲ್ವಾ? ಹೃದಯದ ಕಾಯಿಲೆಗೂ ಅದೇ ನಿಯಮ ಯಾಕಿಲ್ಲ?

ನನಗೆ ಜಾಸ್ತಿ ನೋವಾದದ್ದು ಇನ್ನೊಂದು ವಿಷಯಕ್ಕೆ. ನಮ್ಮವರು ಉಯಿಲು ಬರೆದಿಟ್ಟು, ಅವರು ಹೋದ ಮೇಲೆ ಅದೇ ದುಡ್ಡು ನನಗೆ ಬಂದರೆ ಈ ತೆರಿಗೆ ಇಲ್ಲವಂತೆ. ಬದುಕಿದ್ದಾಗ ಕೊಟ್ಟರೆ ಮಾತ್ರ ಇದೆ. ಮನೆಯಲ್ಲಿ ಅರ್ಧ ಭಾಗ ನನ್ನ ಹೆಸರಿಗೆ ದಾನಪತ್ರ ಮಾಡಿಕೊಡೋಣ ಎಂದು ವಿಚಾರಿಸಿದರು. ಅದಕ್ಕೂ ಇದೇ ತೆರಿಗೆ, ಮೇಲೆ ನೋಂದಣಿಯಲ್ಲಿ ಹೊರಗಿನವರ ದರದ ಮುದ್ರಾಂಕ ಶುಲ್ಕ. ಆ ಯೋಚನೆ ಕೈಬಿಟ್ಟೆವು.

‘ಮದುವೆ ಆಗಿಬಿಡಿ’ ಅನ್ನುತ್ತಾರೆ. ಅನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಎರಡೂ ಕಡೆ ದೊಡ್ಡ ಮಕ್ಕಳಿದ್ದಾರೆ, ಆಸ್ತಿಯ ಪಾಲಿನ ಮಾತು ಬರುತ್ತದೆ, ಆ ಜಗಳ ನಮಗೆ ಬೇಡ. ಮದುವೆ ಆಗಬೇಕೆಂದರೂ ಆಗಲಾರದವರಿದ್ದಾರೆ. ಸಲಿಂಗಿ ಜೋಡಿಗಳ ಮದುವೆ ಸಂಸತ್ತಿಗೆ ಬಿಟ್ಟ ವಿಷಯ ಎಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು. ಅಂಥ ಒಂದು ಜೋಡಿ 2025ರಲ್ಲಿ ಇದೇ ಉಡುಗೊರೆ ತೆರಿಗೆಯ ವಿರುದ್ಧ ಬಾಂಬೆ ಹೈಕೋರ್ಟಿಗೆ ಹೋಯಿತು. ಉತ್ತರಾಖಂಡದಲ್ಲಂತೂ 2025ರ ಜನವರಿಯಿಂದ ಒಟ್ಟಿಗೆ ಇರುವವರು ನೋಂದಾಯಿಸಲೇಬೇಕು, ಇಲ್ಲದಿದ್ದರೆ ಜೈಲಿಗೂ ಹಾಕಬಹುದು. ಅಂಥ ಒತ್ತಾಯ ನನಗೆ ಒಪ್ಪಿಗೆಯಿಲ್ಲ. ಆದರೆ ಅಲ್ಲಿ ನೋಂದಾಯಿಸಿಕೊಂಡವರನ್ನೂ ತೆರಿಗೆ ಕಾನೂನು ಸಂಬಂಧಿಕರ ಪಟ್ಟಿಗೆ ಸೇರಿಸಿಲ್ಲ.

ಅಮೆರಿಕದಲ್ಲಿ ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಹಾಕಬಹುದು ಎಂದು ಮಗಳು ಹೇಳುತ್ತಿದ್ದಳು. ನಾನು ಅದನ್ನು ಕೇಳುತ್ತಿಲ್ಲ, ನಮ್ಮಲ್ಲಿ ಮದುವೆ ಆದವರಿಗೂ ಅದಿಲ್ಲ. ನಾನು ಕೇಳುವುದು ಇಷ್ಟೇ: ರಿಟರ್ನ್‌ನಲ್ಲಿ ಒಂದು ಕಾಲಂ ಇರಲಿ, ಇಂಥವರ ಜೊತೆ ಇಷ್ಟು ವರ್ಷದಿಂದ ಒಂದೇ ವಿಳಾಸದಲ್ಲಿ ಇದ್ದೇವೆ ಎಂದು ಇಷ್ಟವಿದ್ದವರು ಇಬ್ಬರೂ ಬರೆದುಕೊಡಲಿ, ಅಂಥವರನ್ನು ಪಟ್ಟಿಗೆ ಸೇರಿಸಿ. ದುರುಪಯೋಗ ಆಗುತ್ತದೆ ಎಂಬ ಭಯ ಇದ್ದರೆ ಗಂಡ ಹೆಂಡತಿಗೆ ಇರುವ ಕಟ್ಟುಪಾಡನ್ನೂ ನಮಗೆ ಹಾಕಿ. ಗಂಡ ಕೊಟ್ಟ ಹಣವನ್ನು ಹೆಂಡತಿ ಎಫ್‌ಡಿ ಇಟ್ಟರೆ ಆ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ, ನಮಗೂ ಹಾಗೇ ಆಗಲಿ. ಹಾಗೆ ಸೇರಿಸಿದರೆ ಈಗಿನದಕ್ಕಿಂತ ಜಾಸ್ತಿ ತೆರಿಗೆ ಬರುವ ವರ್ಷವೂ ಇದ್ದೀತು, ಕಟ್ಟುತ್ತೇವೆ.

ವಿತ್ತ ಸಚಿವೆ ನಿರ್ಮಲಾ ಸೀತಾರಾಮನ್ ಅವರು ನಮ್ಮ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು. ನಿಮ್ಮ ಪತ್ರಿಕೆಯ ಮೂಲಕ ಈ ಮಾತು ಅವರಿಗೆ ತಲುಪಲಿ ಎಂದು ಬರೆಯುತ್ತಿದ್ದೇನೆ. ನಮ್ಮವರಿಗೆ ಈ ವರ್ಷ ಕಣ್ಣಿನ ಆಪರೇಷನ್ ಇದೆ, ಈ ಸಲ ದುಡ್ಡು ಹಾಕುವವಳು ನಾನು.

ಇಂತಿ,
ನಿಮ್ಮ ಓದುಗಿ
ಕುವೆಂಪುನಗರ, ಮೈಸೂರು