ಹೊಳೆಗೆ ಇಳಿಯುವ ಅಳಿಯನಿಗೆ

ಚಿರಂಜೀವಿ ಅಳಿಯನಿಗೆ ಕೊಪ್ಪದಿಂದ ಮಾವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಪುಷ್ಯ ಮಳೆ ಹಿಡಿದದ್ದು ಬಿಟ್ಟಿಲ್ಲ. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಿನ್ನ ಅತ್ತೆಯ ಮಂಡಿನೋವು ಸ್ವಲ್ಪ ಕಡಿಮೆ. ನಿನ್ನೆ ರಾತ್ರಿ ನಿನ್ನ ಅಮ್ಮ ಫೋನ್ ಮಾಡಿದ್ದಳು. ಬಾಳೆಹೊನ್ನೂರಿನ ಹತ್ತಿರ ತೆಪ್ಪ ಮಗುಚಿ ಕಾಣೆಯಾದ ಇಬ್ಬರನ್ನು ಹುಡುಕಲು ನೀನೂ ನಿನ್ನ ರಾಫ್ಟಿಂಗ್ ಹುಡುಗರೂ ಕಯಾಕ್ ದೋಣಿ ಇಳಿಸಿದ್ದೀರಿ, ತಾಲ್ಲೂಕು ಕಚೇರಿಯಲ್ಲಿ ಹೆಸರನ್ನೂ ಬರೆಸಿದ್ದೀರಿ ಎಂದಳು. "ಅಣ್ಣ, ನೀನು ಹೇಳಿದರೆ ಕೇಳ್ತಾನೆ, ಬೇಡ ಅನ್ನು" ಎಂದು ಅತ್ತಳು.

ಬೇಡ ಅನ್ನುವುದಿಲ್ಲ ಮಾರಾಯ. ಅಗ್ನಿಶಾಮಕ ದಳದಲ್ಲಿ ಇದ್ದಷ್ಟು ಕಾಲವೂ ನೋಡಿದ್ದೇನೆ, ಎಂಜಿನ್ ಬೋಟು ಹೋಗಲಾರದ ಜಾಗಕ್ಕೆ ಊರಿನ ಹುಡುಗರೇ ಹೋಗಬೇಕು. ನೆರೆ ನುಗ್ಗಿದ ಅಡಿಕೆ ತೋಟದೊಳಗೆ ಬೋಟಿನ ಫ್ಯಾನಿಗೆ ಹಾಳೆ, ಬಳ್ಳಿ, ಪೈಪು ಸುತ್ತಿಕೊಂಡು ನಿಂತುಬಿಡುತ್ತದೆ. ಕಯಾಕ್ ಮರಗಳ ಸಾಲಿನ ನಡುವೆ ನುಸುಳುತ್ತದೆ, ಸದ್ದೂ ಇಲ್ಲ. ಮೊದಲ ದಿನಕ್ಕೆ ಈ ಸದ್ದಿಲ್ಲದ್ದೇ ದೊಡ್ಡದು. ತೆಪ್ಪ ಮಗುಚಿದವನು ನಡುಗಡ್ಡೆಯಲ್ಲೋ ಮರದ ಕವಲಿನಲ್ಲೋ ಜೀವ ಹಿಡಿದು ಕೂತಿರಬಹುದು, ಕೂಗಿ ಕೂಗಿ ಗಂಟಲು ಹೋಗಿರಬಹುದು. ಸೀಟಿ ಊದಿ, ಹುಟ್ಟು ಹಾಕುವುದನ್ನು ನಿಲ್ಲಿಸಿ, ಕಿವಿ ಕೊಡಬೇಕು. ಮತ್ತೆ ಊದಬೇಕು, ಮತ್ತೆ ಕಿವಿ ಕೊಡಬೇಕು. ಆ ಕೆಲಸ ನಿಮ್ಮಿಂದಲೇ ಆಗಬೇಕು.

ಆದರೆ ನೀನು ಬೇಸಿಗೆಯ ಮುಂಚೆ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ಭದ್ರೆಯೇ ಈಗಲೂ ಹರಿಯುತ್ತಿದ್ದಾಳೆ ಅಂದುಕೊಳ್ಳಬೇಡ. ನಿನಗೆ ಗುರುತಿರುವ ಬಂಡೆಗಳೆಲ್ಲ ಈಗ ತಳದಲ್ಲಿವೆ, ಹೊಸ ಕಡೆ ಸುಳಿ ಎದ್ದಿವೆ. ಹರಿವಿನ ವೇಗ ಎರಡರಷ್ಟಾದರೆ ಅದು ನಿನ್ನನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ತೋಳಿನ ಶಕ್ತಿಗೆ ಆ ಲೆಕ್ಕ ಗೊತ್ತಾಗುವುದಿಲ್ಲ. ಗಟ್ಟಿಮುಟ್ಟಾದ ಹುಡುಗರೇ ಹೆಚ್ಚು ಮೋಸ ಹೋಗುವುದು ಅದಕ್ಕೇ.

ನನಗೆ ಎಲ್ಲಕ್ಕಿಂತ ಭಯ ಬಿದಿರು ಮೆಳೆಯದು. ಬೇಸಿಗೆಯಲ್ಲಿ ದಡದ ಮೇಲೆ ನಿಲ್ಲುವ ಮೆಳೆ ನೆರೆ ಬಂದಾಗ ಹೊಳೆಯ ನಡುವೆ ನಿಂತಿರುತ್ತದೆ. ಡಿಕಾಕ್ಷನ್ ಇಳಿಸುವ ಫಿಲ್ಟರಿನಲ್ಲಿ ನೀರು ಕೆಳಗೆ ಹೋಗಿ ಪುಡಿ ಮೇಲೆ ಉಳಿಯುತ್ತದಲ್ಲ, ಮೆಳೆಯೂ ಹಾಗೆ. ನೀರು ಸಂದಿಯಲ್ಲಿ ಹಾದುಹೋಗುತ್ತದೆ, ದೋಣಿ ಮತ್ತು ಮನುಷ್ಯ ಅಲ್ಲೇ ಒತ್ತಿ ನಿಲ್ಲುತ್ತಾರೆ. ನಾಲ್ಕು ಜನ ಎಳೆದರೂ ಬಿಡಿಸಲು ಬರುವುದಿಲ್ಲ. ಕಾಣೆಯಾದವರು ಸಿಕ್ಕಿಕೊಳ್ಳುವುದೂ ಹೆಚ್ಚಾಗಿ ಅಲ್ಲೇ ಆದ್ದರಿಂದ ಹುಡುಕುವವನಿಗೆ ಅದನ್ನು ಬಿಡುವ ಹಾಗಿಲ್ಲ. ಮೆಳೆಯ ಮೇಲ್ಬದಿಯಿಂದ ಮಾತ್ರ ಹತ್ತಿರ ಹೋಗಬೇಡ. ಕೆಳಗಿನಿಂದ, ನೀರು ಮಂದವಾಗಿರುವ ಬದಿಯಿಂದ ಹೋಗಿ ನೋಡು. ಒಬ್ಬ ದಡದಲ್ಲಿ ಎಸೆಯುವ ಹಗ್ಗ ಹಿಡಿದು ನಿಂತಿರಲಿ, ಇನ್ನೊಬ್ಬ ಮೇಲ್ಗಡೆ ನಿಂತು ತೇಲಿಬರುವ ದಿಮ್ಮಿಗಳ ಮೇಲೆ ಕಣ್ಣಿಟ್ಟಿರಲಿ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡಗಳೇ ಜರಿದು ಬಂದದ್ದು ನಿನಗೆ ನೆನಪಿದೆ. ಅಂಥ ಮಳೆಯಲ್ಲಿ ಬೇರು ಮಣ್ಣು ಸಮೇತ ಮರಗಳು ತೇಲಿ ಬರುತ್ತವೆ. ಅರ್ಧ ನೀರೊಳಗೆ ಇರುವುದರಿಂದ ಹತ್ತಿರ ಬರುವ ತನಕ ಕಾಣುವುದೇ ಇಲ್ಲ.

ತೋಟದ ಬೇಲಿ ಇನ್ನೊಂದು. ನೀರಿನಡಿ ಮುಳ್ಳುತಂತಿ ಇರುತ್ತದೆ, ರಾಫ್ಟಿನ ಟ್ಯೂಬು ಸೀಳಿದ ಮೇಲೆಯೇ ಗೊತ್ತಾಗುವುದು. ಆ ತೋಟದ ಮೇಸ್ತ್ರಿಯನ್ನೋ ರೈಟರನ್ನೋ ಕರೆಸಿ ಬೇಲಿ ಎಲ್ಲಿದೆ, ಗೇಟು ಎಲ್ಲಿದೆ, ಬಾವಿ ಎಲ್ಲಿದೆ ಎಂದು ಕೇಳಿಯೇ ಒಳಗೆ ಹೋಗು. ಹೊಳೆಯಂಚಿನ ಪಂಪ್‌ಹೌಸಿಗೆ ಎಳೆದ ಲೈನು ನೀರಿಗೆ ಜೋತುಬಿದ್ದಿದ್ದರೆ, ಮೆಸ್ಕಾಂನವರು ಲೈನ್ ಆಫ್ ಮಾಡಿದ್ದೇವೆ ಎಂದು ಬಾಯಿಬಿಟ್ಟು ಹೇಳುವ ತನಕ ಆ ಕಡೆ ಸುಳಿಯಬೇಡ. ಊರಿನಲ್ಲಿ ಕರೆಂಟಿಲ್ಲ ಎಂದ ಮಾತ್ರಕ್ಕೆ ತಂತಿಯಲ್ಲಿ ಕರೆಂಟಿಲ್ಲ ಎಂದಲ್ಲ. ಯಾವ ಗಳಿಗೆಯಲ್ಲಿ ಚಾರ್ಜ್ ಮಾಡುತ್ತಾರೋ ಯಾರಿಗೆ ಗೊತ್ತು.

ಇನ್ನು ಕಿಂಡಿ ಅಣೆಕಟ್ಟು, ಚೆಕ್ ಡ್ಯಾಂ. ನೋಡುವುದಕ್ಕೆ ಆಳೆತ್ತರವೂ ಇಲ್ಲ, ಮೇಲಿನಿಂದ ಬರುವಾಗ ಒಂದು ಸಪಾಟು ಗೆರೆ ಕಾಣುತ್ತದೆ ಅಷ್ಟೇ. ನೀರು ಉದ್ದಕ್ಕೂ ಒಂದೇ ಸಮ ಬಿದ್ದು ತಳಕ್ಕೆ ಹೋಗಿ, ಮೇಲ್ಪದರದಲ್ಲಿ ಗೋಡೆಯ ಕಡೆಗೇ ಹಿಂದೆ ತಿರುಗುತ್ತದೆ. ಕೆಳಗಿನಿಂದ ಹತ್ತಿರ ಹೋದವನನ್ನೂ ಅದು ಗೋಡೆಗೆ ಎಳೆದು, ಮುಳುಗಿಸಿ, ಎಬ್ಬಿಸಿ, ಮತ್ತೆ ಎಳೆಯುತ್ತದೆ. ಅಲ್ಲಿಯ ಬಿಳಿ ನೊರೆಯಲ್ಲಿ ಗಾಳಿಯೇ ಜಾಸ್ತಿ, ಲೈಫ್ ಜಾಕೆಟ್ ತೊಟ್ಟವನೂ ಸರಿಯಾಗಿ ತೇಲುವುದಿಲ್ಲ. ಅಲ್ಲೇನಾದರೂ ಕಂಡರೆ ದಡದಿಂದ ನೋಡು, ದಡದಿಂದ ಹಗ್ಗ ಹಾಕು. ದೋಣಿ ಅದರ ಹತ್ತಿರ ಹೋಗಬಾರದು. ಇದೊಂದನ್ನು ನಾನು ನಿನ್ನ ಮಾವನಾಗಿ ಅಪ್ಪಣೆಯಂತೆಯೇ ಹೇಳುತ್ತಿದ್ದೇನೆ.

ಮಳೆಯನ್ನು ಬಾಳೆಹೊನ್ನೂರಿನ ಆಕಾಶದಲ್ಲಿ ನೋಡಬೇಡ. ಈ ಹೊಳೆ ಹುಟ್ಟುವುದು ಗಂಗಾಮೂಲದಲ್ಲಿ, ಅದಕ್ಕೆ ನೀರು ತುಂಬುವುದು ಕುದುರೆಮುಖ, ಸಂಸೆ, ಕಳಸದ ಗುಡ್ಡಗಳು. ನಿಮ್ಮಲ್ಲಿ ಬಿಸಿಲು ಬಿದ್ದಿರುವಾಗಲೇ ಅಲ್ಲಿ ಹೊಡೆದಿರುತ್ತದೆ. ಕಳಸದಲ್ಲಿ ಗುರುತಿನವರ ಒಂದು ನಂಬರು ಇಟ್ಟುಕೋ. ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಮೇಲೆ ನೀರು ಹತ್ತಿತು ಎಂದು ಅವರು ಹೇಳಿದರೆ, ನಿಮ್ಮ ದೋಣಿಗಳೆಲ್ಲ ದಡಕ್ಕೆ ಬರಬೇಕು. ದಡದಲ್ಲಿ ಒಂದು ಗೂಟ ಹೊಡೆದು ನೀರಿನ ಮಟ್ಟಕ್ಕೆ ಗುರುತು ಹಾಕುವುದನ್ನೂ ಮರೆಯಬೇಡ. ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಬರೀ ಕಣ್ಣಂದಾಜಿಗೆ ಸಿಗುವುದಿಲ್ಲ.

ಸಾಮಾನಿನ ವಿಷಯ ನಿನಗೇ ಗೊತ್ತು. ಆದರೆ ದಡದಿಂದ ಓಡಿಬಂದು "ಅಣ್ಣ, ನಾನೂ ಬರ್ತೇನೆ" ಅನ್ನುವ ಹುಡುಗರಿಗೆ ಗೊತ್ತಿರುವುದಿಲ್ಲ. ತೋಟದ ಗಂಬೂಟು ಹಾಕಿಕೊಂಡವನನ್ನು ದೋಣಿಗೆ ಹತ್ತಿಸಬೇಡ, ನೀರು ತುಂಬಿದರೆ ಕಾಲಿಗೆ ಕಲ್ಲು ಕಟ್ಟಿದಷ್ಟೇ. ಬಕಲ್ ಮುರಿದು ದಾರ ಕಟ್ಟಿದ ಜಾಕೆಟ್ಟು ಬೇಡ. ತೊಟ್ಟ ಮೇಲೆ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡು, ಕಿವಿಯ ತನಕ ಬಂದರೆ ಅದು ಅವನ ಅಳತೆಯದಲ್ಲ. ಮೊಣಕಾಲು ಮೀರಿದ ಸೆಳೆತದಲ್ಲಿ ಎದ್ದು ನಿಲ್ಲಲು ಹೋಗಬಾರದು, ಬಂಡೆಯ ಸಂದಿಗೆ ಪಾದ ಸಿಕ್ಕರೆ ನೀರೇ ಬಗ್ಗಿಸಿ ಮುಳುಗಿಸುತ್ತದೆ ಎಂದು ಮೊದಲೇ ಹೇಳು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಧುಮುಕುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ, ಮೆಚ್ಚುವ ಕೆಲಸವೂ ಹೌದು. ಅದು ಬೇಡವೇ ಬೇಡ. ಹಗ್ಗ ಬಿಗಿದ ಕೂಡಲೇ ನೀರು ಅವನನ್ನು ತಳಕ್ಕೆ ಒತ್ತುತ್ತದೆ, ಗಂಟು ಬಿಚ್ಚಲು ಕೈಗೆ ಸಿಗುವುದಿಲ್ಲ.

ಇಷ್ಟೆಲ್ಲ ನೀರಿನ ಮಾತಾಯಿತು. ನಾನು ಹೇಳಬೇಕು ಎಂದು ಕೂತದ್ದು ದಡದ ಮಾತು.

ಹುಡುಕುವವರ ಜೀವಕ್ಕೆ ಕುತ್ತು ಬರುವುದು ಎಷ್ಟೋ ಸಲ ದಡದಿಂದಲೇ. ಕಾಣೆಯಾದವನ ಹೆಂಡತಿ ಬಂದು ನಿನ್ನ ಕೈ ಹಿಡಿಯುತ್ತಾಳೆ. ಅವನ ತಮ್ಮ "ನೀವು ಹೋಗದಿದ್ದರೆ ನಾನೇ ಹಾರ್ತೇನೆ" ಎಂದು ಅಂಗಿ ಬಿಚ್ಚುತ್ತಾನೆ. ಊರಿನ ಮುಖಂಡರು ಬಂದು "ಇನ್ನೊಂದು ರೌಂಡ್ ಹೊಡೀರಪ್ಪ" ಅನ್ನುತ್ತಾರೆ. ಹತ್ತಾರು ಮೊಬೈಲು ವಿಡಿಯೊ ಮಾಡುತ್ತಿರುತ್ತವೆ. ಬೆಳಕು ಇಳಿಯುತ್ತಿದೆ, ನೀರು ಏರುತ್ತಿದೆ, ನಿನಗೆ ಗೊತ್ತಿದೆ. ಆಗ ಆಗುವುದಿಲ್ಲ ಎನ್ನಬೇಕು. ನಿನ್ನಲ್ಲಿ ನಾನು ಕಾಣಲು ಬಯಸುವ ಧೈರ್ಯ ಇದೊಂದೇ. ಸೆಳೆತಕ್ಕೆ ದೋಣಿ ಬಿಡುವ ಧೈರ್ಯ ನಿಮ್ಮ ವಯಸ್ಸಿನವರಲ್ಲಿ ಬೇಕಾದಷ್ಟಿದೆ.

ನಮ್ಮ ಸ್ಟೇಷನ್ ಆಫೀಸರ್ ಒಬ್ಬರಿದ್ದರು. ಒಂದು ಸಂಜೆ ದೋಣಿಗಳನ್ನೆಲ್ಲ ವಾಪಸು ಕರೆಸಿದಾಗ ಮನೆಯವರು ಬಾಯಿಗೆ ಬಂದಂತೆ ಬೈದರು, ಒಬ್ಬಳು ಮುದುಕಿ ಕೆಸರು ತೆಗೆದು ಎರಚಿದಳು. ಅವರು ಯೂನಿಫಾರ್ಮಿನ ಕೆಸರು ಒರೆಸಿಕೊಳ್ಳಲಿಲ್ಲ, ಎದುರು ಮಾತಾಡಲಿಲ್ಲ. ಆ ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ಅಮ್ಮ, ಈಗ ನೀರು ಬಿಡ್ತಾ ಇಲ್ಲ. ಬೆಳಿಗ್ಗೆ ಆರಕ್ಕೆ ಇದೇ ಜಾಗದಲ್ಲಿ ಇರ್ತೇವೆ" ಎಂದರು. ಮರುದಿನ ಮನೆಯವರು ಬರುವ ಮೊದಲೇ ಅಲ್ಲಿ ನಿಂತಿದ್ದರು. ಆಮೇಲೆ ಯಾರೂ ಬೈಯಲಿಲ್ಲ. ಸಮಯ ಹೇಳು, ಜಾಗ ಹೇಳು, ಹೇಳಿದಂತೆ ನಡೆದುಕೋ. "ಸಿಕ್ಕೇ ಸಿಗ್ತಾರೆ" ಎಂದು ಮಾತ್ರ ಯಾರಿಗೂ ಮಾತು ಕೊಡಬೇಡ.

ನಿಲ್ಲಿಸಿದರೆ ಕೈಬಿಟ್ಟ ಹಾಗಲ್ಲವೇ ಎಂದು ನಿನ್ನ ಮನಸ್ಸು ಕೊರೆಯಬಹುದು. ಶಿರೂರನ್ನು ನೆನಪು ಮಾಡಿಕೋ. 2024ರ ಜುಲೈ 16ರಂದು ಅಂಕೋಲಾದ ಆ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ಲಾರಿಯೊಂದು ಗಂಗಾವಳಿ ಹೊಳೆಯ ಪಾಲಾಯಿತು. ನೌಕಾಪಡೆಯವರಿದ್ದರು, ಎನ್‌ಡಿಆರ್‌ಎಫ್ ಇತ್ತು, ಮಲ್ಪೆಯ ಈಶ್ವರ್ ಮತ್ತು ತಂಡ ತಾವಾಗಿಯೇ ಬಂದು ಮುಳುಗಿ ನೋಡಿದರು. ಸೆಳೆತ ಬಿಡಲಿಲ್ಲ, ಹುಡುಕಾಟ ನಿಲ್ಲಿಸಬೇಕಾಯಿತು. ಹೊಳೆ ಇಳಿದ ಮೇಲೆ ಗೋವಾದಿಂದ ಡ್ರೆಜ್ಜರ್ ತಂದು ಮತ್ತೆ ಶುರು ಮಾಡಿದರು. ಸೆಪ್ಟೆಂಬರ್ 25ರಂದು ಲಾರಿ ಸಿಕ್ಕಿತು, ಚಾಲಕನ ದೇಹ ಕ್ಯಾಬಿನ್ನಿನಲ್ಲೇ ಇತ್ತು. ನಿಲ್ಲಿಸಿದ್ದಕ್ಕೆ ಆ ಮನೆಯವರು ಪಟ್ಟ ಸಂಕಟ ಸಣ್ಣದಲ್ಲ, ಆದರೂ ಆ ನೀರಿಗೆ ಇನ್ನೊಂದು ಮನೆಯವರನ್ನು ಕೊಡಲಿಲ್ಲ.

ಸ್ಥಳದಲ್ಲಿ ಯಾರ ಮಾತು ನಡೆಯಬೇಕು ಎಂಬುದು ಮೊದಲೇ ತೀರ್ಮಾನವಾಗಿರಲಿ. ಫೈರ್ ಸರ್ವೀಸಿನವರೋ ರಾಜ್ಯ ವಿಪತ್ತು ದಳದ ಎಸ್‌ಡಿಆರ್‌ಎಫ್‌ನವರೋ, ಯಾರು ಮುಂದಾಳೋ ಅವರಿಗೆ ಹೇಳಿಯೇ ನೀರಿಗಿಳಿ, ದಡ ಹತ್ತಿದ ಮೇಲೂ ಹೇಳು. ಯಾರಿಗೂ ತಿಳಿಸದೆ ಒಂದು ಕಯಾಕ್ ಹೋದರೆ, ಸಂಜೆ ಎಣಿಸುವಾಗ ಅವನನ್ನೂ ಹುಡುಕಬೇಕಾಗುತ್ತದೆ. ರಾತ್ರಿ ಹೊತ್ತು ಸುದ್ದಿ ಬಂದರೆ ನೀನು ಮೊದಲು ಮಾಡುವ ಕೆಲಸ 112ಕ್ಕೋ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೋ ಫೋನ್. ಹುಟ್ಟು ಆಮೇಲೆ. ಹುಡುಕಿದ ಜಾಗವನ್ನು ನಕ್ಷೆಯಲ್ಲಿ ಗೆರೆ ಹಾಕಿ ಇಡಿ, ಇಲ್ಲದಿದ್ದರೆ ಮೂರು ತಂಡ ಒಂದೇ ಮಡುವನ್ನು ನೋಡಿ ಆಚೆ ದಡವನ್ನು ಯಾರೂ ನೋಡಿರುವುದಿಲ್ಲ. ಕೊನೆಗೆ ಕಂಡವರು ಯಾರು, ಎಲ್ಲಿ ನಿಂತು ಕಂಡರು ಎಂದು ಅವರನ್ನೇ ಆ ಜಾಗಕ್ಕೆ ಕರೆದುಕೊಂಡು ಹೋಗಿ ಕೇಳು. ಅಲ್ಲಿ ಬಲೆ ಹಾಕುವವರನ್ನೂ ಕೇಳು. ಮುಳುಗಿದ ದನ ಎಲ್ಲಿ ಏಳುತ್ತದೆ, ತೇಲಿಹೋದ ಹುಲ್ಲುಬಣವೆ ಯಾವ ತಿರುವಿನಲ್ಲಿ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ.

ಜೀವ ಹೋದವರು ಸಿಕ್ಕಿದರೆ ಎಳೆದಾಡಬೇಡ. ಹರಿದುಹೋಗದ ಹಾಗೆ ಹಿಡಿದಿಟ್ಟು ಪೊಲೀಸರಿಗೆ ತಿಳಿಸು, ಮಹಜರು ಆಗಬೇಕು. ಮೈಮೇಲೆ ಬಟ್ಟೆ ಮುಚ್ಚು. ನಿನ್ನ ಹುಡುಗರಲ್ಲಿ ಯಾರೂ ಫೋಟೊ ತೆಗೆಯಬಾರದು, ಗ್ರೂಪಿಗೆ ಒಂದು ಸಾಲೂ ಹಾಕಬಾರದು. ಮನೆಯವರಿಗೆ ವಾಟ್ಸಾಪಿನಲ್ಲಿ ಗೊತ್ತಾಗುವುದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಸಾವು ಹೇಗೇ ಆಗಿರಲಿ, ದೇಹ ಸಿಕ್ಕಿ ಸಂಸ್ಕಾರ ಆದ ಮೇಲೆಯೇ ಆ ಮನೆಯಲ್ಲಿ ಒಲೆ ಹೊತ್ತಿಸುವುದು. ನೀನು ಆ ಮನೆಗೆ ಮಾಡುತ್ತಿರುವುದು ಅದನ್ನು.

ಮನೆಗೆ ಬಂದ ಮೇಲೆ ಸೋಪು ಹಾಕಿ ಸ್ನಾನ ಮಾಡು, ಕಾಲಿನ ಗೀರುಗಳನ್ನು ನೋಡಿಕೋ. ನೆರೆ ನೀರಿನಿಂದ ಇಲಿಜ್ವರ ಬರುತ್ತದೆ. ನೀರಿಗಿಳಿಯುವವರಿಗೆ ಮುಂಜಾಗ್ರತೆಯ ಮಾತ್ರೆ ಬೇಕೇ ಎಂದು ಡಾಕ್ಟರನ್ನು ಕೇಳು. ಆಮೇಲಿನ ದಿನಗಳಲ್ಲಿ ಜ್ವರ, ಮೀನಖಂಡದ ನೋವು ಬಂದರೆ ಶೀತ ಎಂದು ಕಷಾಯ ಕುಡಿದು ಮಲಗಬೇಡ, ನೆರೆ ನೀರಿನಲ್ಲಿದ್ದೆ ಎಂದು ಡಾಕ್ಟರಿಗೆ ಹೇಳು. ಕಂಡದ್ದು ಕಣ್ಣಿಗೆ ಕಟ್ಟಿ ರಾತ್ರಿ ನಿದ್ದೆ ಬರದಿದ್ದರೆ ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಎತ್ತುತ್ತೇನೆ. ನಾವೂ ಹಾಗೇ ಒಬ್ಬರಿಗೊಬ್ಬರು ಹೇಳಿಕೊಂಡೇ ದಾಟಿದ್ದು.

ಮಳೆ ಬಿಟ್ಟ ಮೇಲೆ ನಿನ್ನ ಹುಡುಗರೆಲ್ಲ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯವರನ್ನೋ ನಮ್ಮ ಇಲಾಖೆಯವರನ್ನೋ ಕೇಳಿ ನೆರೆ ರಕ್ಷಣೆಯ ತರಬೇತಿ ತೆಗೆದುಕೊಳ್ಳಿ. ರಾಫ್ಟ್ ನಡೆಸುವುದು ಬಂದರೆ ಸಾಲದು. ಖರ್ಚಿಗೆ ಕಡಿಮೆ ಬಿದ್ದರೆ ನಾನಿದ್ದೇನೆ. ಎಸೆಯುವ ಹಗ್ಗದ ಚೀಲ ಎರಡು ಬೇಕು ಎಂದು ನಿನ್ನ ಅಮ್ಮನ ಹತ್ತಿರ ಹೇಳಿದ್ದೆಯಂತೆ. ಸೋಮವಾರ ಚಿಕ್ಕಮಗಳೂರಿಗೆ ಹೋಗುವವನಿದ್ದೇನೆ, ಎಷ್ಟು ಮೀಟರಿನದು ಎಂದು ಅಷ್ಟರೊಳಗೆ ತಿಳಿಸು. ಇನ್ನು ಮುಂದೆ ನೀರಿಗಿಳಿಯುವ ಮೊದಲು ಒಂದು ಸಲ, ದಡ ಹತ್ತಿದ ಮೇಲೆ ಒಂದು ಸಲ ಅಮ್ಮನಿಗೆ ಫೋನ್ ಮಾಡು. ಅವಳಿಗೆ ನಾನು ಹಾಗೆಂದು ಮಾತು ಕೊಟ್ಟಿದ್ದೇನೆ.

ಇತಿ ನಿನ್ನ ಮಾವ