ಒಂಬತ್ತರ ಶಾಲೆ, ಹತ್ತರ ಶಾಲೆ: ಕ್ಯುಪರ್ಟಿನೋಗೆ ಬರುತ್ತಿರುವ ಗೆಳೆಯನಿಗೊಂದು ಪತ್ರ

ಪ್ರಿಯ ಮಂಜು,

ನೀನು ಕಳಿಸಿದ ಪಟ್ಟಿ ನೋಡಿದೆ. ಈ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಕ್ಯುಪರ್ಟಿನೋ ಯೂನಿಯನ್ ಶಾಲಾ ಡಿಸ್ಟ್ರಿಕ್ಟಿನ ಆರು ಶಾಲೆಗಳು, ಪ್ರತಿಯೊಂದರ ಮುಂದೆ ಹತ್ತಕ್ಕೆ ಇಷ್ಟು ಎಂದು ಒಂದು ಅಂಕ. ಮಗುವಿಗೆ ಯಾವ ಶಾಲೆ ಎಂಬುದು ಇಲ್ಲಿ ಮನೆಯ ವಿಳಾಸದಿಂದ ತೀರ್ಮಾನವಾಗುವುದರಿಂದ, ಒಂಬತ್ತರ ಶಾಲೆ ಬಿಟ್ಟು ಹತ್ತರ ಶಾಲೆಗಾಗಿ ತಿಂಗಳಿಗೆ ನಾನೂರು ಡಾಲರ್ ಹೆಚ್ಚು ಬಾಡಿಗೆ ಕೊಡಬಹುದೇ ಎಂದು ಕೇಳಿದ್ದೀಯ. ಕೊಡಬೇಡ. ಆ ಒಂದು ಅಂಕ ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿದರೆ ನೀನೇ ಕೊಡುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಪರೀಕ್ಷೆ ಶುರುವಾಗುವುದೇ ಮೂರನೇ ತರಗತಿಯಿಂದ. ನಿನ್ನ ಮಗಳು ಸೇರುವುದು ಒಂದನೇ ತರಗತಿಗೆ. ಅಂದರೆ ಮೊದಲ ಎರಡು ವರ್ಷ ಅವಳಿಗೆ ಪಾಠ ಹೇಳುವ ಟೀಚರುಗಳ ಬಗ್ಗೆ ಆ ಅಂಕದಲ್ಲಿ ಒಂದಕ್ಷರವೂ ಇಲ್ಲ. ಇರುವುದು ಮೂರು, ನಾಲ್ಕು, ಐದನೇ ತರಗತಿಯವರ ಇಂಗ್ಲಿಷ್ ಮತ್ತು ಗಣಿತ, ಜೊತೆಗೆ ಐದನೆಯವರ ವಿಜ್ಞಾನ. ಒಂದು ತರಗತಿಯಲ್ಲಿ 60 ಮಕ್ಕಳಿದ್ದಾರೆ ಎಂದುಕೊ. ಒಂದು ಮಗುವಿನ ತೂಕ ಶೇ 1.7ರಷ್ಟು. ವೀಸಾ, ಕೆಲಸ, ಬಾಡಿಗೆ ಅಂತ ಐದು ಚುರುಕು ಮಕ್ಕಳ ಮನೆಯವರು ಊರು ಬಿಟ್ಟರೆ ಶೇ 8 ಹೋಯಿತು. ಶಾಲೆಯಲ್ಲಿ ಏನೂ ಕೆಟ್ಟಿರುವುದಿಲ್ಲ.

ಅಂಕ ನೋಡಲೇಬೇಕೆಂದರೆ ಮನೆ ಮಾರುವ ಜಾಲತಾಣಗಳಲ್ಲಿ ನೋಡಬೇಡ, ಸಿಎಎಎಸ್‌ಪಿಪಿ, ಅಂದರೆ ಆ ರಾಜ್ಯ ಪರೀಕ್ಷೆಯ ಫಲಿತಾಂಶದ ಪುಟಕ್ಕೆ ಹೋಗು. 'ಪಾಸಾದವರು ಶೇಕಡಾ ಎಷ್ಟು' ಎಂಬುದನ್ನು ಬಿಟ್ಟು ಸರಾಸರಿ ಅಂಕ ತೆಗೆ. ಮೂರನೇ ತರಗತಿಯ ಗಣಿತದಲ್ಲಿ ಪಾಸಿನ ಗೆರೆ ಇರುವುದು 2436ರಲ್ಲಿ. 2435 ಬಂದ ಮಗು ಗೆರೆಯ ಆಚೆ, 2436 ಬಂದದ್ದು ಈಚೆ. ಶೇಕಡಾ ಲೆಕ್ಕ ಈ ಇಬ್ಬರನ್ನು ಹಗಲು ರಾತ್ರಿ ಮಾಡಿ ತೋರಿಸುತ್ತದೆ. ಆಮೇಲೆ ಅಂಕಿಗಳನ್ನು ಓರೆಯಾಗಿ ಓದು: 2023ರ ಮೂರನೇ ತರಗತಿ, 2024ರ ನಾಲ್ಕನೆಯದು, 2025ರ ಐದನೆಯದು. ಬಹುಪಾಲು ಅವೇ ಮಕ್ಕಳು. ಪ್ರತಿ ತರಗತಿಗೂ ಗೆರೆ ಮೇಲೇರುತ್ತದೆ (ಐದನೆಯವರ ಗಣಿತಕ್ಕೆ 2528), ಹಾಗಾಗಿ ಸರಾಸರಿ ಅಂಕದಿಂದ ಆಯಾ ವರ್ಷದ ಗೆರೆಯನ್ನು ಕಳೆದು, ಅದು ಎಷ್ಟು ಮೇಲಿದೆ ಎಂದು ನೋಡು. ಆ ಅಂತರ ಬೆಳೆಯುತ್ತಿದ್ದರೆ ಶಾಲೆ ಏನೋ ಮಾಡುತ್ತಿದೆ. ಒಂದೇ ತರಗತಿಯ ಮೂರು ವರ್ಷದ ಅಂಕಗಳನ್ನು ಸಾಲಾಗಿಟ್ಟರೆ ಮೂರು ಬೇರೆ ಬೇರೆ ಗುಂಪಿನ ಮಕ್ಕಳನ್ನು ಹೋಲಿಸಿದಂತಾಗುತ್ತದೆ, ಅಷ್ಟೇ.

ಅದೇ ಪುಟದಲ್ಲಿ ತಂದೆತಾಯಿಯ ಓದಿನ ಪ್ರಕಾರ ಫಲಿತಾಂಶ ವಿಂಗಡಿಸುವ ಸೌಲಭ್ಯವಿದೆ, ಬಹಳ ಮಂದಿ ಅದನ್ನು ಒತ್ತುವುದೇ ಇಲ್ಲ. ಸ್ನಾತಕೋತ್ತರ ಓದಿದವರ ಮಕ್ಕಳನ್ನು ಮಾತ್ರ ಆರಿಸಿ, ನಿನ್ನ ಒಂಬತ್ತರ ಶಾಲೆಯನ್ನೂ ಹತ್ತರ ಶಾಲೆಯನ್ನೂ ಪಕ್ಕಪಕ್ಕ ಇಡು. ಉಳಿಯುವ ವ್ಯತ್ಯಾಸಕ್ಕೆ ನಾನೂರು ಡಾಲರ್ ಬೆಲೆ ಇದೆಯೇ ಎಂದು ಆಗ ಯೋಚಿಸು. ಒಂದು ಗುಂಪಿನಲ್ಲಿ ಪರೀಕ್ಷೆ ಬರೆದವರು ಹತ್ತು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಂಕದ ಜಾಗದಲ್ಲಿ ನಕ್ಷತ್ರ ಕಾಣುತ್ತದೆ, ಗಾಬರಿಯಾಗಬೇಡ. ಮಕ್ಕಳು ಸಂಜೆ ಹೋಗುವ ಗಣಿತದ ಟ್ಯೂಷನ್ನಿನ ಫಲವೂ ಶಾಲೆಯ ಖಾತೆಗೇ ಜಮಾ ಆಗುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲವಲ್ಲ.

ಪಟ್ಟಿಯಿಂದ ಫಾರಿಯಾ ಮತ್ತು ಮರ್ಡಾಕ್-ಪೋರ್ಟಲ್ ಎರಡನ್ನೂ ತೆಗೆದುಬಿಡು. ಅವು ಚೀಟಿ ಎತ್ತಿ ಸೀಟು ಕೊಡುವ ಲಾಟರಿ ಶಾಲೆಗಳು. ಎದುರಿನ ಬೀದಿಯಲ್ಲಿ ಮನೆ ಮಾಡಿದರೂ ಸೀಟು ಖಾತ್ರಿಯಿಲ್ಲ. ಅರ್ಜಿ ಹಾಕುವಷ್ಟು ಹಟವಿರುವ ಮನೆಗಳ ಮಕ್ಕಳೇ ಅಲ್ಲಿ ಸೇರುವುದರಿಂದ ಅವುಗಳ ಅಂಕವನ್ನು ನೆರೆಹೊರೆಯ ಶಾಲೆಯ ಅಂಕದೊಂದಿಗೆ ತೂಗುವುದೂ ನ್ಯಾಯವಲ್ಲ. ಮೆಕಾಲಿಫ್ ಕೂಡ ಲಾಟರಿಯದೇ, ಮೇಲಾಗಿ ಅಲ್ಲಿ ತಂದೆತಾಯಿ ತರಗತಿಗೆ ಬಂದು ಕೆಲಸ ಮಾಡಬೇಕು. ನಿಮ್ಮಿಬ್ಬರಿಗೂ ಆಫೀಸಿದೆ.

ಹೆಚ್ಚಿನವರು ಎಡವುವುದು ವಿಳಾಸದಲ್ಲಿ. ಅಂಚೆ ವಿಳಾಸದಲ್ಲಿ ಸ್ಯಾನ್ ಹೋಸೆ ಎಂದಿದ್ದರೂ ಮನೆ ಕ್ಯುಪರ್ಟಿನೋ ಯೂನಿಯನ್‌ಗೆ ಸೇರಿರಬಹುದು. ಸನಿವೇಲ್, ಸ್ಯಾಂಟಾ ಕ್ಲಾರಾ, ಸಾರಟೋಗಾ ಊರುಗಳ ಕೆಲವು ಭಾಗಗಳೂ ಅದರಲ್ಲಿವೆ. ಹತ್ತಿರದ ಶಾಲೆಯೇ ನಿನ್ನ ಶಾಲೆಯಾಗಬೇಕೆಂದೂ ಇಲ್ಲ, ಗಡಿ ಒಂದು ರಸ್ತೆಯ ನಡುವೆಯೇ ಹಾದುಹೋಗಬಹುದು. ಬಾಡಿಗೆ ಜಾಹೀರಾತಿನಲ್ಲಿ ಬರೆದ ಶಾಲೆಯ ಹೆಸರಿಗೆ ಯಾವ ಬೆಲೆಯೂ ಇಲ್ಲ. ಮನೆ ನಂಬರ್ ಸಮೇತ ಡಿಸ್ಟ್ರಿಕ್ಟಿನ ದಾಖಲಾತಿ ಕಚೇರಿಗೆ ಇಮೇಲ್ ಹಾಕಿ ಎರಡು ಪ್ರಶ್ನೆ ಕೇಳು: ಈ ವಿಳಾಸಕ್ಕೆ ಯಾವ ಶಾಲೆ? ಆ ಶಾಲೆಯ ಒಂದನೇ ತರಗತಿ ಈಗ ತುಂಬಿದೆಯೇ? ತುಂಬಿದ್ದರೆ ಮಗುವನ್ನು ಬೇರೆ ಶಾಲೆಗೆ ಕಳಿಸಬಹುದು. ಉತ್ತರ ಬರಹದಲ್ಲಿ ಬರುವ ತನಕ ಬಾಡಿಗೆ ಕರಾರಿಗೆ ಸಹಿ ಹಾಕಬೇಡ. ಗಡಿಗಳೂ ಶಾಶ್ವತವಲ್ಲ: ಮಕ್ಕಳ ಸಂಖ್ಯೆ ಕುಸಿದದ್ದರಿಂದ ಈ ಡಿಸ್ಟ್ರಿಕ್ಟ್ 2022ರಲ್ಲಿ ರೆಗ್ನಾರ್ಟ್, ಮೇಯರ್‌ಹೋಲ್ಜ್ ಶಾಲೆಗಳನ್ನು ಮುಚ್ಚಿತು.

ಹೈಸ್ಕೂಲು ಬೇರೆಯೇ ಡಿಸ್ಟ್ರಿಕ್ಟ್. ಹೆಸರು ಫ್ರೀಮಾಂಟ್ ಯೂನಿಯನ್, ಆದರೆ ಫ್ರೀಮಾಂಟ್ ಊರಿಗೂ ಅದಕ್ಕೂ ಸಂಬಂಧವಿಲ್ಲ! ಅದರ ಗಡಿಗಳನ್ನು ಬೇರೆಯಾಗಿ ನೋಡಬೇಕು. ಒಂದನೇ ತರಗತಿಯ ಮಗುವಿಗೆ ಈಗಲೇ ಅದರ ಚಿಂತೆ ಬೇಡ.

ಪ್ರತಿ ಶಾಲೆಯೂ ಫೆಬ್ರವರಿ 1ರೊಳಗೆ ಎಸ್‌ಎಆರ್‌ಸಿ ಎಂಬ ವರದಿ ಪ್ರಕಟಿಸಬೇಕು. ತರಗತಿವಾರು ಮಕ್ಕಳ ಸಂಖ್ಯೆ, ಟೀಚರುಗಳ ಅರ್ಹತೆ, ಕಟ್ಟಡದ ಸ್ಥಿತಿ, ಪದೇ ಪದೇ ಗೈರಾಗುವವರ ಪ್ರಮಾಣ ಎಲ್ಲವೂ ಅದರಲ್ಲಿರುತ್ತವೆ. ನನ್ನನ್ನು ಕೇಳಿದರೆ ಹತ್ತಕ್ಕೆ ಹಾಕುವ ಅಂಕಕ್ಕಿಂತ ಇದು ಮೇಲು. ಶಾಲೆ ನೋಡಲು ಹೋದಾಗ ಆ ವರದಿಯಲ್ಲಿಲ್ಲದ್ದನ್ನು ಕೇಳು. ಕಾಂಬೋ ಕ್ಲಾಸ್ ಇದೆಯೇ, ಅಂದರೆ ಒಂದನೆಯವರೂ ಎರಡನೆಯವರೂ ಒಂದೇ ಕೋಣೆಯಲ್ಲಿ ಕೂರುತ್ತಾರೆಯೇ? ಸಂಗೀತ, ಚಿತ್ರಕಲೆ, ಸಹಾಯಕ ಸಿಬ್ಬಂದಿಯ ಖರ್ಚು ಡಿಸ್ಟ್ರಿಕ್ಟಿನದೋ ಪೋಷಕರ ಸಂಘದ್ದೋ? ಬಡ ಮಕ್ಕಳು ಮತ್ತು ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ ಲೆಕ್ಕದಲ್ಲಿ ರಾಜ್ಯ ತಲಾ ಅನುದಾನದ ಮೇಲೆ ಶೇ 20 ಹೆಚ್ಚುವರಿ ಹಣ ಕೊಡುತ್ತದೆ. ಇಂಥ ಉಳ್ಳವರ ಉಪನಗರಗಳಿಗೆ ಅದು ಕಡಿಮೆ ಸಿಗುವುದರಿಂದ ಆ ಕೊರತೆಯನ್ನು ಪೋಷಕರು ಚಂದಾ ಎತ್ತಿ ತುಂಬುತ್ತಾರೆ. ಸಂಘದ ವರಮಾನ 50,000 ಡಾಲರ್ ದಾಟುವುದಾದರೆ ಅದರ ಆದಾಯ-ಖರ್ಚು ತೋರಿಸುವ 990 ಎಂಬ ತೆರಿಗೆ ಪತ್ರ ಸಾರ್ವಜನಿಕ; ಎರಡು ಶಾಲೆಗಳ ಪತ್ರ ಪಕ್ಕದಲ್ಲಿಟ್ಟರೆ ಒಂದರಲ್ಲಿ ಸಂಗೀತದ ಮೇಷ್ಟ್ರು ಏಕಿದ್ದಾರೆ, ಇನ್ನೊಂದರಲ್ಲಿ ಏಕಿಲ್ಲ ಎಂದು ಗೊತ್ತಾಗಬಹುದು.

ದಾಖಲಾತಿ ಅರ್ಜಿಯಲ್ಲಿ ಮನೆಮಾತಿನ ಬಗ್ಗೆ ನಾಲ್ಕು ಪ್ರಶ್ನೆಗಳಿರುತ್ತವೆ. ಕನ್ನಡ ಎಂದು ಬರೆದರೆ 30 ದಿನದೊಳಗೆ ಮಗುವಿಗೆ ಎಲ್ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ ಇಡುತ್ತಾರೆ. ಅದನ್ನು ತಪ್ಪಿಸಲು 'ಇಂಗ್ಲಿಷ್' ಎಂದು ಬರೆಯುವ ನಮ್ಮವರು ಕಡಿಮೆಯಿಲ್ಲ. ನೀನು ಕನ್ನಡ ಎಂದೇ ಬರೆ. ಚೆನ್ನಾಗಿ ಮಾಡಿದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಇಲ್ಲವಾದರೆ ಇಂಗ್ಲಿಷ್ ಕಲಿಯಲು ನೆರವು ಸಿಗುತ್ತದೆ, ಮತ್ತು ಇಂಗ್ಲಿಷ್ ಕಲಿಯುವವರ ಪಟ್ಟಿಯಿಂದ ಹೊರಬರುವ ತನಕ ವರ್ಷಕ್ಕೊಮ್ಮೆ ಪರೀಕ್ಷೆ ಇರುತ್ತದೆ.

ತರಗತಿ ತೀರ್ಮಾನವಾಗುವುದು ಬೆಂಗಳೂರಿನ ಟಿಸಿಯಿಂದಲ್ಲ, ಹುಟ್ಟಿದ ದಿನಾಂಕದಿಂದ: ಸೆಪ್ಟೆಂಬರ್ 1ರೊಳಗೆ ಆರು ತುಂಬಿದರೆ ಒಂದನೇ ತರಗತಿ. ನಿನ್ನ ಮಗಳದು ಆಗಸ್ಟ್ 28, ಆದ್ದರಿಂದ ಅವಳೇ ಕ್ಲಾಸಿನಲ್ಲಿ ತೀರ ಚಿಕ್ಕವಳಾಗಬಹುದು.

ಇನ್ನು ಶಾಲೆಗೆ ಸೇರಿಸಲು ಬೇಕಾದ ಲಸಿಕೆಯ ಕಾರ್ಡು. ಎಂಎಂಆರ್ (ದಡಾರ, ಮಂಪ್ಸ್, ರುಬೆಲ್ಲಾ) ಎರಡು ಬೇಕು, ಎರಡೂ ಮೊದಲ ಹುಟ್ಟುಹಬ್ಬದ ನಂತರದವು. ಒಂಬತ್ತನೇ ತಿಂಗಳಲ್ಲಿ ಹಾಕಿಸಿದ್ದು ಲೆಕ್ಕಕ್ಕಿಲ್ಲ. ಸರ್ಕಾರಿ ಆಸ್ಪತ್ರೆಯ ಎಂಆರ್‌ನಲ್ಲಿ ಮಂಪ್ಸ್ ಇಲ್ಲ, ಆದ್ದರಿಂದ ಅದು ಎಂಎಂಆರ್ ಆಗುವುದಿಲ್ಲ. ಸಿಡುಬಿನ ಲಸಿಕೆ ಅಂತ ಹುಡುಕಬೇಡ, ಇವರು ಕೇಳುವುದು ಚಿಕನ್‌ಪಾಕ್ಸ್‌ನದು, ಎರಡು ಡೋಸ್. ಹೆಪಟೈಟಿಸ್ ಬಿ ಮೂರು. ಡಿಟಿಎಪಿ (ಡಿಫ್ತೀರಿಯಾ, ಧನುರ್ವಾಯು, ನಾಯಿಕೆಮ್ಮು) ಐದು, ನಾಲ್ಕು ವರ್ಷ ತುಂಬಿದ ಮೇಲೆ ಒಂದು ಡೋಸ್ ಬಿದ್ದಿದ್ದರೆ ನಾಲ್ಕು ಸಾಕು. ಪೋಲಿಯೊ ನಾಲ್ಕು, ಅದೇ ಷರತ್ತಿನ ಮೇಲೆ ಮೂರು. 2016ರ ಏಪ್ರಿಲ್‌ನಿಂದ ಈಚಿನ ಬಾಯಿ ಹನಿಯನ್ನು ಇಲ್ಲಿನ ವೇಳಾಪಟ್ಟಿ ಎಣಿಸುವುದಿಲ್ಲ, ಚುಚ್ಚುಮದ್ದಿನ ಐಪಿವಿ ಎಷ್ಟಿದೆ ಎಂದು ನೋಡು. ಬಿಟ್ಟುಹೋದದ್ದನ್ನು ಬೆಂಗಳೂರಿನಲ್ಲೇ ಹಾಕಿಸಿ, ದಿನಾಂಕ, ಸಹಿ, ಸೀಲು ಸಮೇತ ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಬರೆಸಿಕೊ. ಇಲ್ಲಿ ಶಾಲೆ ತೆರೆಯುವುದು ಆಗಸ್ಟ್ ಮಧ್ಯದಲ್ಲಿ, ಎರಡು ಡೋಸ್‌ಗಳ ನಡುವೆ ವಾರಗಟ್ಟಲೆ ಬಿಡಬೇಕಾಗುತ್ತದೆ. ಕಾರ್ಡಿನ ಎರಡೂ ಬದಿಯ ಫೋಟೊ ಈ ವಾರವೇ ಕಳಿಸು, ಮನೆಗಳ ವಿಳಾಸ ಆಮೇಲೆ ನೋಡೋಣ.

ನಿನ್ನ,
ರವಿ