ಮಗಳಿಗೊಂದು ಪತ್ರ: ಕೊಟ್ಟಿಗೆ ಮಣ್ಣಿನ ಉಪ್ಪು

ಪುಟ್ಟೀ,

ಮೊನ್ನೆ ಫೋನಿನಲ್ಲಿ ವಾದ ಮಾಡುತ್ತಾ ಮಾಡುತ್ತಾ ಕೊನೆಗೆ ಒಂದು ಮಾತು ಎಸೆದೆಯಲ್ಲ, "ಯುದ್ಧ ಇಲ್ಲದಿದ್ದರೆ ವಿಜ್ಞಾನ ಇನ್ನೂ ಅಂಬೆಗಾಲಿಡ್ತಿತ್ತು ಅಮ್ಮಾ" ಅಂತ, ಅದು ಎರಡು ದಿನ ನನ್ನನ್ನು ಬಿಡಲಿಲ್ಲ. ಆಗ ಥಟ್ಟನೆ ಉತ್ತರ ಹೊಳೆಯಲಿಲ್ಲ. ಸೋತು ಸುಮ್ಮನಿರುವ ಜಾಯಮಾನ ನನ್ನದಲ್ಲ ಅಂತ ನಿನಗೆ ಗೊತ್ತು, ಅದಕ್ಕೇ ಈ ಕಾಗದ. ನೀನು ಕಾನೂನು ಓದುವವಳು, ನಾನು ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಸಾಮ್ರಾಜ್ಯಗಳ ಏಳುಬೀಳಿನ ಬಗ್ಗೆ ಭಾಷಣ ಮಾಡಲು ನನಗೆ ಬಾರದು. ಒಂದು ಉಪ್ಪಿನ ಬಗ್ಗೆ ಹೇಳಬಲ್ಲೆ.

ಪೆಟ್ಲುಪ್ಪು. ನಮ್ಮ ಪಠ್ಯಪುಸ್ತಕದ ಪೊಟ್ಯಾಸಿಯಂ ನೈಟ್ರೇಟ್. ಸಿಡಿಮದ್ದಿನ ತೂಕದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಇದೇ. ಉಳಿದದ್ದು ಇದ್ದಿಲು, ಗಂಧಕ. ಇದು ಸಿಗುತ್ತಿದ್ದ ಜಾಗ ಕೇಳಿದರೆ ಮೂಗು ಮುಚ್ಚಿಕೊಳ್ಳುತ್ತೀಯ. ದನಕರು, ಕುದುರೆ, ಪಾರಿವಾಳ ಇದ್ದ ಕಡೆ ಗಂಜಲ, ಹಿಕ್ಕೆ ಬಿದ್ದೂ ಬಿದ್ದೂ ಮಣ್ಣಿಗೆ ಇಳಿಯುತ್ತದೆ. ಅದರಲ್ಲಿನ ಸಾರಜನಕವನ್ನು ಮಣ್ಣಿನ ಬ್ಯಾಕ್ಟೀರಿಯಾ ನಿಧಾನವಾಗಿ ನೈಟ್ರೇಟ್ ಮಾಡುತ್ತವೆ. ಆ ಮಣ್ಣು ಅಗೆದು, ನೀರು ಹಾಯಿಸಿ, ಬಸಿದು, ಕಟ್ಟಿಗೆಯ ಬೂದಿ ಬೆರೆಸಿ, ಕುದಿಸಿ ಇಂಗಿಸಿದರೆ ಬಿಳಿ ಹರಳು.

ಈ ಹರಳಿನ ಗುಣ ಕಂಡುಕೊಂಡವರು ಸೈನಿಕರಲ್ಲ. ಚೀನಾದ ರಸವಾದಿಗಳು ಸಾವಿಲ್ಲದಂತೆ ಮಾಡುವ ಔಷಧ ಹುಡುಕುತ್ತಿದ್ದರು. ಒಂಬತ್ತನೇ ಶತಮಾನದ ಹೊತ್ತಿನ ತಾವೊ ಪಂಥದ ಒಂದು ಗ್ರಂಥ ಎಚ್ಚರಿಸುತ್ತದೆ: ಗಂಧಕ, ಪೆಟ್ಲುಪ್ಪು, ಜೇನು ಎಲ್ಲ ಸೇರಿಸಿ ಕಾಯಿಸಲು ಹೋದವರ ಕೈ, ಮುಖ ಸುಟ್ಟವು, ಮನೆಯೇ ಉರಿದುಹೋಯಿತು. 1044ರ ಹೊತ್ತಿಗೆ ಅದರ ಪಾಕ ಸೈನ್ಯದ ಕೈಪಿಡಿಯೊಳಗೆ ಬಂದಿತ್ತು. ಚೀನೀಯರು ಅದನ್ನು ಈಗಲೂ 'ಬೆಂಕಿಯ ಔಷಧ' ಅನ್ನುತ್ತಾರೆ. ನಮ್ಮ ಮಾತು ಇನ್ನೂ ಚುರುಕು: ಕಾಯಿಲೆಗೂ ಮದ್ದು, ಕೋವಿಗೂ ಮದ್ದು.

1453ರ ಕಥೆ ನಿನಗೆ ಗೊತ್ತಿರುವುದೇ. ಕಾನ್‌ಸ್ಟಾಂಟಿನೋಪಲ್‌ನ ಸಾವಿರ ವರ್ಷದ ಗೋಡೆಯನ್ನು ಒಡೆದ ದೊಡ್ಡ ಫಿರಂಗಿ ಎರಕ ಹೊಯ್ದವನು ಓರ್ಬನ್. ಅವನು ಮೊದಲು ಕೆಲಸ ಕೇಳಿಕೊಂಡು ಹೋದದ್ದು ಗೋಡೆಯೊಳಗಿನ ಚಕ್ರವರ್ತಿಯ ಹತ್ತಿರ. ಅಲ್ಲಿ ಸಂಬಳಕ್ಕೆ ದುಡ್ಡಿರಲಿಲ್ಲ, ಊರಿಗೆ ಮುತ್ತಿಗೆ ಹಾಕಲು ಹೊರಟಿದ್ದ ತುರ್ಕಿ ಸುಲ್ತಾನನ ಹತ್ತಿರ ಇತ್ತು. ಫಿರಂಗಿ ಬಂದ ಮೇಲೆ ಎಲ್ಲ ಕಡೆ ಆದದ್ದು ಇದೇ. ಕಲ್ಲುಕೋಟೆಯನ್ನು ಒಬ್ಬ ಪಾಳೆಯಗಾರ ಕಟ್ಟಿಸಿಕೊಂಡಾನು. ಫಿರಂಗಿ, ಮದ್ದು, ಅದನ್ನು ತಡೆಯುವ ಹೊಸ ಬಗೆಯ ತಗ್ಗುಕೋಟೆ, ಇಷ್ಟನ್ನೂ ಸಾಕಲು ದೊಡ್ಡ ಖಜಾನೆಯೇ ಬೇಕು. ಖಜಾನೆಗೆ ತೆರಿಗೆ, ತೆರಿಗೆಗೆ ಲೆಕ್ಕ, ಲೆಕ್ಕಕ್ಕೆ ಗುಮಾಸ್ತರು. ನಾವು ಬೈಯುತ್ತಾ ಸಾಲಿನಲ್ಲಿ ನಿಲ್ಲುವ ಕಚೇರಿಗಳ ಹುಟ್ಟಿನಲ್ಲಿ ಒಂದಿಷ್ಟು ಮದ್ದಿನ ಹೊಗೆ ಇದೆ.

ಇನ್ನು ನಿನ್ನ ವಿಷಯಕ್ಕೆ ಬರುತ್ತೇನೆ. ಇಂಗ್ಲೆಂಡಿನಲ್ಲಿ ಪೆಟ್ಲುಪ್ಪಿನವರು ಅಂತಲೇ ಒಂದು ಸರ್ಕಾರಿ ಪಡೆ ಇತ್ತು. ರಾಜನ ಅಪ್ಪಣೆ ಹಿಡಿದು ಯಾರ ಲಾಯಕ್ಕೆ, ಯಾರ ಪಾರಿವಾಳದ ಗೂಡಿಗೆ ಬೇಕಾದರೂ ನುಗ್ಗಿ ನೆಲ ಅಗೆಯಬಹುದಿತ್ತು. ಜನ ರೋಸಿಹೋದರು. 1606ರಲ್ಲಿ ನ್ಯಾಯಾಧೀಶರ ಮುಂದೆ ಪ್ರಶ್ನೆ ಬಂತು: ರಾಜನಿಗೆ ಈ ಹಕ್ಕು ಉಂಟೋ ಇಲ್ಲವೋ? ಉಂಟು, ದೇಶ ಕಾಯುವುದಕ್ಕೆ ಮದ್ದು ಬೇಕಲ್ಲ, ಅಂದರು. ಅಲ್ಲಿಗೆ ನಿಲ್ಲಿಸಲಿಲ್ಲ. ವಾಸದ ಮನೆಯ ನೆಲ ಅಗೆಯುವಂತಿಲ್ಲ. ಗೋಡೆಯ ಬುಡ ಸಡಿಲ ಮಾಡುವಂತಿಲ್ಲ. ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮೊದಲು ಮಾತ್ರ ಕೆಲಸ. ಅಗೆದ ಜಾಗವನ್ನು ಮೊದಲು ಹೇಗಿತ್ತೋ ಹಾಗೆ ಮಾಡಿ ಹೋಗಬೇಕು. ಕೊಟ್ಟಿಗೆಯ ಗುಂಡಿಯ ಅಂಚಿನಲ್ಲಿ ನಿಂತು ಅವರು ರಾಜನಿಗೆ ಗೆರೆ ಎಳೆದರು! ಗೆರೆ ಗಟ್ಟಿಯಾಗಿ ನಿಂತಿತೆಂದೇನೂ ಅಲ್ಲ. ಇಪ್ಪತ್ತು ವರ್ಷ ಕಳೆದು ಒಂದನೇ ಚಾರ್ಲ್ಸ್, ಪ್ರಜೆಗಳೆಲ್ಲ ತಮ್ಮ ಮತ್ತು ತಮ್ಮ ಜಾನುವಾರುಗಳ ಮೂತ್ರ ಕೂಡಿಡಬೇಕು ಅಂತ ಫರ್ಮಾನು ಹೊರಡಿಸಿದ. (ತರಗತಿಯಲ್ಲಿ ಇದನ್ನು ಹೇಳಿದರೆ ಹತ್ತು ನಿಮಿಷ ಪಾಠ ನಿಂತುಹೋಗುತ್ತಿತ್ತು.)

ಈ ಕಿರಿಕಿರಿಯಿಂದ ಇಂಗ್ಲೆಂಡನ್ನು ಪಾರುಮಾಡಿದ್ದು ಬಿಹಾರದ ಮಣ್ಣು. ಅಲ್ಲಿ ನೂನಿಯಾ ಜನ ಊರಿನ ಅಂಚಿನ ಮಣ್ಣು ಕೆರೆದು ಉಪ್ಪು ತೆಗೆಯುತ್ತಿದ್ದರು. ಪ್ಲಾಸಿ ಕದನದ ಮರುವರ್ಷವೇ, 1758ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಬಿಹಾರದ ಪೆಟ್ಲುಪ್ಪಿನ ಏಕಸ್ವಾಮ್ಯ ಗಿಟ್ಟಿಸಿಕೊಂಡಿತು. ಇಂಗ್ಲಿಷರ ಮನೆಯ ನೆಲ ಉಳಿಯಿತು. ಅಗೆತ ಬೇರೆಯವರ ನೆಲಕ್ಕೆ ವರ್ಗವಾಯಿತು, ಅಷ್ಟೆ.

ಫ್ರಾನ್ಸಿಗೆ ಬಿಹಾರ ತಪ್ಪಿತಲ್ಲ, ಅವರು ರಸಾಯನಶಾಸ್ತ್ರಜ್ಞರನ್ನು ಹಿಡಿದರು. 1775ರಲ್ಲಿ ಮದ್ದಿನ ಆಡಳಿತಕ್ಕೆ ನೇಮಕವಾದ ನಾಲ್ವರಲ್ಲಿ ಲಾವೋಸಿಯೇ ಒಬ್ಬ. ಆಕ್ಸಿಜನ್‌ಗೆ ಹೆಸರಿಟ್ಟವನು, ನನ್ನ ದೇವರು. ಅವನ ಪ್ರಯೋಗಾಲಯ ಇದ್ದದ್ದೇ ಶಸ್ತ್ರಾಗಾರದ ಆವರಣದಲ್ಲಿ. ಇಲ್ಲಿ ನಿನ್ನ ವಾದಕ್ಕೆ ಒಂದು ಅಂಕ ಕೊಡುತ್ತೇನೆ. ಆದರೆ 1793ನ್ನು ನೋಡು. ಕ್ರಾಂತಿ ನಡೆದಿದೆ, ಸುತ್ತ ಶತ್ರುಗಳು, ಮದ್ದು ಸಾಲದು. ಡಿಸೆಂಬರಿನಲ್ಲಿ ಸರ್ಕಾರ ನಾಗರಿಕರಿಗೆ ಕರೆ ಕೊಟ್ಟಿತು: ನಿಮ್ಮ ನೆಲಮಾಳಿಗೆಯ, ಕೊಟ್ಟಿಗೆಯ ಮಣ್ಣನ್ನು ನೀವೇ ತೊಳೆದು ಪೆಟ್ಲುಪ್ಪು ತೆಗೆಯಿರಿ. ಜನ ತಾವೇ ಗುದ್ದಲಿ ಹಿಡಿದರು. ಮರುವರ್ಷದ ಆರಂಭದಲ್ಲಿ ಜಿಲ್ಲೆಜಿಲ್ಲೆಗಳಿಂದ ಜನರನ್ನು ಪ್ಯಾರಿಸ್ಸಿಗೆ ಕರೆಸಿ ದೊಡ್ಡ ದೊಡ್ಡ ವಿಜ್ಞಾನಿಗಳಿಂದ ಪಾಠ ಹೇಳಿಸಿದರು.

ಅದೇ ಕೊಟ್ಟಿಗೆ, ಅದೇ ಗುಂಡಿ, ಅದೇ ಉಪ್ಪು. ರಾಜನ ಆಳು ಅಗೆದಾಗ ಅತಿಕ್ರಮ, 'ನಮ್ಮ ದೇಶ' ಅಂದುಕೊಂಡು ತಾನೇ ಅಗೆದಾಗ ಹೆಮ್ಮೆ. ನಡುವೆ ಬದಲಾದದ್ದು ತಂತ್ರಜ್ಞಾನವಲ್ಲ ಪುಟ್ಟೀ, ತಲೆಯೊಳಗಿನ ಒಂದು ವಿಚಾರ. ಆ ವಿಚಾರ ಒಳ್ಳೆಯದೇ ಅಂತ ನಾನು ಪ್ರಮಾಣ ಮಾಡಲಾರೆ. ಊರೂರಲ್ಲಿ ರಸಾಯನಶಾಸ್ತ್ರ ಹಂಚಿದ ಅದೇ ವಸಂತದಲ್ಲಿ, 1794ರ ಮೇ 8ರಂದು, ಹಳೆಯ ಸರ್ಕಾರದ ತೆರಿಗೆ ಗುತ್ತಿಗೆಯಲ್ಲಿ ಪಾಲಿದ್ದವನೆಂದು ಲಾವೋಸಿಯೇಯ ತಲೆ ಕಡಿದರು.

ಮುಂದಿನ ಶತಮಾನದಲ್ಲಿ ದಕ್ಷಿಣ ಅಮೆರಿಕದ ಅಟಕಾಮಾ ಮರುಭೂಮಿಯ ನೈಟ್ರೇಟ್ ಸಿಕ್ಕಿತು. ಅದಕ್ಕಾಗಿ 1879ರಲ್ಲಿ ಚಿಲಿ ಒಂದು ಕಡೆ, ಪೆರು ಮತ್ತು ಬೊಲಿವಿಯಾ ಇನ್ನೊಂದು ಕಡೆ ಕಾದಾಡಿದವು. ಬೊಲಿವಿಯಾ ಕಡಲತೀರ ಕಳೆದುಕೊಂಡಿತು. ಅದಕ್ಕೆ ಇವತ್ತಿಗೂ ನೌಕಾಪಡೆ ಇದೆ, ಸಮುದ್ರವಿಲ್ಲ.

ನಿನ್ನ ಮಾತಿಗೆ ನನ್ನ ಉತ್ತರ ಇರುವುದು ಜರ್ಮನಿಯ ರಸಾಯನಶಾಸ್ತ್ರಜ್ಞ ಹೇಬರ್‌ನ ಕಥೆಯಲ್ಲಿ. ನೈಟ್ರೇಟು ಮದ್ದಿಗಷ್ಟೇ ಅಲ್ಲ, ಹೊಲಕ್ಕೂ ಬೇಕು. ಅಟಕಾಮಾದ ದಾಸ್ತಾನು ಮುಗಿದರೆ ಗೋಧಿ ತಿನ್ನುವ ದೇಶಗಳು ಹಸಿಯುತ್ತವೆ ಅಂತ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ವಿಲಿಯಂ ಕ್ರೂಕ್ಸ್ 1898ರಲ್ಲೇ ಎಚ್ಚರಿಸಿದ್ದ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡ 78 ಸಾರಜನಕವೇ, ಆದರೆ ಅದರ ಎರಡು ಪರಮಾಣುಗಳ ಹಿಡಿತವನ್ನು ಅಗ್ಗವಾಗಿ ಬಿಡಿಸುವುದು ಯಾರಿಗೂ ಆಗಿರಲಿಲ್ಲ. 1909ರಲ್ಲಿ ಫ್ರಿಟ್ಸ್ ಹೇಬರ್ ಭಾರೀ ಒತ್ತಡದಲ್ಲಿ ಅದನ್ನು ಜಲಜನಕದೊಂದಿಗೆ ಕೂಡಿಸಿ ಅಮೋನಿಯ ತೊಟ್ಟಿಕ್ಕಿಸಿ ತೋರಿಸಿದ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಗೆ ಇಳಿಸಿದ. 1913ರಲ್ಲಿ ಜರ್ಮನಿಯ ಓಪೌನಲ್ಲಿ ಅಮೋನಿಯ ಸ್ಥಾವರ ಶುರುವಾಯಿತು. ವರ್ಷ ನೋಡಿದೆಯಾ? ಯುದ್ಧ ಬಂದದ್ದು 1914ರಲ್ಲಿ. ಬ್ರಿಟಿಷ್ ನೌಕಾಪಡೆ ಚಿಲಿಯ ದಾರಿ ಮುಚ್ಚಿದಾಗ ಜರ್ಮನಿ ಇದೇ ಅಮೋನಿಯವನ್ನು ಸಿಡಿಮದ್ದಿಗೆ ತಿರುಗಿಸಿ ವರ್ಷಗಟ್ಟಲೆ ಕಾದಾಡಿತು. ಹಸಿವಿನ ಭಯ ಹೆತ್ತ ಕೂಸನ್ನು ಯುದ್ಧ ದುಡಿಸಿಕೊಂಡಿತು. ಯುದ್ಧವನ್ನು ವಿಜ್ಞಾನದ ತಾಯಿ ಅನ್ನಬೇಡ. ಕೈತುಂಬ ದುಡ್ಡಿರುವ, ಅವಸರದ ಗಿರಾಕಿ ಅನ್ನು, ಒಪ್ಪುತ್ತೇನೆ.

ಹೇಬರ್ ಅಷ್ಟಕ್ಕೇ ನಿಲ್ಲಲಿಲ್ಲ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಶತ್ರುಗಳ ಮೇಲೆ ಕ್ಲೋರಿನ್ ವಿಷಾನಿಲ ಬಿಡಿಸಿದ್ದು ಅವನ ಉಸ್ತುವಾರಿಯಲ್ಲೇ. ಅವನ ಹೆಂಡತಿ ಕ್ಲಾರಾ ಇಮ್ಮರ್‌ವಾರ್ ಕೂಡ ರಸಾಯನಶಾಸ್ತ್ರಜ್ಞೆ. ಬ್ರೆಸ್ಲಾವ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಮೊದಲ ಹೆಂಗಸು. ಹತ್ತು ದಿನ ಕಳೆದು, ಮೇ 2ರಂದು, ಗಂಡನ ಪಿಸ್ತೂಲಿನಿಂದಲೇ ಗುಂಡು ಹಾರಿಸಿಕೊಂಡಳು. ಯಾಕೆ ಅನ್ನುವುದರ ಬಗ್ಗೆ ಚರಿತ್ರಕಾರರಲ್ಲಿ ಇನ್ನೂ ಜಗಳವಿದೆ. ಪಾಠದಲ್ಲಿ ಹೇಬರ್ ವಿಧಾನದ ಸಮೀಕರಣ ಬರೆಯುವಾಗೆಲ್ಲ ನನಗೆ ಅವಳ ನೆನಪಾಗುತ್ತಿತ್ತು, ಬೋರ್ಡಿನ ಮೇಲೆ ಅವಳಿಗೆ ಜಾಗವಿರಲಿಲ್ಲ. ಹೇಬರ್‌ಗೆ 1918ರ ನೊಬೆಲ್ ಬಂತು. 1933ರಲ್ಲಿ ಯಹೂದಿಯೆಂದು ಅವನೇ ದೇಶ ಬಿಟ್ಟ, ಮರುವರ್ಷ ಸತ್ತ. ಇವತ್ತು ಜಗತ್ತಿನ ಅಂದಾಜು ಅರ್ಧದಷ್ಟು ಜನರ ಅನ್ನ ಅವನ ಅಮೋನಿಯದ ಮೇಲೆ ನಿಂತಿದೆ. ಅವನನ್ನು ಏನೆಂದು ಕರೆಯಬೇಕೋ ನಲವತ್ತು ವರ್ಷದಿಂದ ತೀರ್ಮಾನಿಸಲು ನನಗೆ ಆಗಿಲ್ಲ.

ಸರಿ, ಕಾಗದ ಉದ್ದವಾಯಿತು. ನಿನಗೊಂದು ಕೆಲಸ ಕೊಡುತ್ತೇನೆ. ಆ 1606ರ ಪೆಟ್ಲುಪ್ಪಿನ ತೀರ್ಪು ಆ ಕಾಲದ ನ್ಯಾಯಾಧೀಶ ಎಡ್ವರ್ಡ್ ಕೋಕ್‌ನ ವರದಿಗಳಲ್ಲಿ ಇದೆ, ಹನ್ನೆರಡನೇ ಭಾಗ. ನಿಮ್ಮ ಗ್ರಂಥಾಲಯದಲ್ಲಿ ಇದ್ದೀತು. ಆ ಹಳೇ ಇಂಗ್ಲಿಷು ನನಗೆ ಕಬ್ಬಿಣದ ಕಡಲೆ. ನೀನು ಓದಿ, ನೆಲವನ್ನು ಮೊದಲಿನ ಹಾಗೆ ಮಾಡಿ ಹೋಗಬೇಕು ಅನ್ನುವ ಸಾಲು ಎಲ್ಲಿದೆಯೋ ಅದರ ಫೋಟೋ ತೆಗೆದು ಕಳಿಸು. ಆಮೇಲೆ ಬೇಕಾದರೆ ಫೋನು ಮಾಡಿ ಜಗಳವಾಡು.

ನಿನ್ನ,
ಅಮ್ಮ